ಮೊದಲು ಕಬ್ಬಿಣ

ಕೂಡ್ರಬ್ಯಾಡ ಇನ್ನಾ, ಎರ್ರಿಸ್ವಾಮಿ.
ಹಿಂದ ಒಂದು ಗುಂಡಿ ಐತಿ, ಸುತ್ತ ಸಿಮೆಂಟಿನ ಕಟ್ಟಿ,
ಒಳಗ ಇದ್ದಿಲು, ಉಪ್ಪು, ಆಳಕ್ಕ ಇಳಿದ ಪೈಪು.
ಅದಕ್ಕ ಎರಡು ಕೊಡ ನೀರು ಹಾಕಿ ಬಾ.
ಗಿಡ ಇಲ್ಲದ ಗುಂಡಿಗೆ ಯಾಕ ನೀರು ಅಂತ
ನಾನೂ ನಕ್ಕಿದ್ದೆ ಮೊದಲನೇ ದಿನ.
ಶೇಕ್ಷಾವಲಿ ಮಾಮ ಅಂದಿದ್ದ:
ಇದು ಬಳ್ಳಾರಿ ನೆಲ, ಸುಂಕಮ್ಮ.
ತನಗೇ ನೀರಡಿಕಿ ಆದಾಗ
ನಮ್ಮದನ್ನೇನು ಇಸ್ಕೊಂತೈತಿ?

ಹಾಕಿದಿ? ಈಗ ಆ ಸ್ವೆಟರ್ ತೆಗಿ.
ಗೊತ್ತು, ಮಾಗಿ ಚಳಿ,
ಗೊತ್ತು, ಕೌಲ್ ಬಜಾರಿನಾಗ ಚೌಕಾಸಿ ಮಾಡಿ ತಂದದ್ದು.
ತಲಿ ಮ್ಯಾಲಿಂದ ಎಳಿಯೋ ಮುಂದ ಕೇಳು,
ಚಟಚಟಚಟ,
ಎಳ್ಳು ಹುರಿದಂಗ.
ಅದು ನೀನು.
ಆಟೋದ ರೆಕ್ಸಿನ್ ಸೀಟು, ರಬ್ಬರ್ ಚಪ್ಪಲಿ, ಈ ಒಣಗಾಳಿ,
ಬೆಳಗಿನಿಂದ ಮೈತುಂಬ ಹೊತ್ಕೊಂಡು ಬಂದೀದಿ,
ನಿನಗ ತಿಳೀದಂಗ.

ಮೊದಲು ಕಬ್ಬಿಣ ಮುಟ್ಟು.
ಬಣ್ಣ ಬಳಿದದ್ದಲ್ಲ, ಬಣ್ಣ ಯಾವತ್ತೂ ನಡುವ ಬರತೈತಿ.
ಪವರ್ ಸಪ್ಲೈ ಹಿಂದ ಬರೀ ಮೈಯ ಸ್ಕ್ರೂ, ಅಲ್ಲಿ.
ಸಂಡೂರಿನ ಗುಡ್ಡದಿಂದ ಲಾರಿಗಟ್ಟಲೆ ಕಬ್ಬಿಣ ಹೋತು,
ನಮಗ ಬೇಕಾದ್ದು ಇಷ್ಟೇ,
ಒಂದು ಸ್ಕ್ರೂ ತಲಿ.

ಎಡಗೈಗೆ ಈ ಪಟ್ಟಿ.
ಇದರ ಸುರುಳಿ ವೈರು ಆ ಗುಂಡಿತನಕ ಹೋಗತೈತಿ.
ನಿಮ್ಮವ್ವ ಕಟ್ಟಿದ ಕರಿದಾರ ಬಿಚ್ಚಬ್ಯಾಡ, ಇರಲಿ.
ದಾರ ಮಂದಿಯಿಂದ ನಿನ್ನ ಕಾಯತೈತಿ,
ಪಟ್ಟಿ
ನಿನ್ನಿಂದ ಇದನ್ನ.

ಬೋರ್ಡಿನ ಅಂಚು ಹಿಡಿ.
ಹೆಂಚಿನ ಮ್ಯಾಲಿನ ರೊಟ್ಟಿ ಎತ್ತತಾರಲ್ಲ, ಹಂಗ.
ಬೆಳ್ಳಿ ಬಣ್ಣದ ಚೀಲದ ಮ್ಯಾಲೆ ಇಡಬ್ಯಾಡ,
ಚೀಲ ಇರೋದು ಒಳಗ ಇಡಾಕ. ರಟ್ಟಿನ ಡಬ್ಬಿ ಮ್ಯಾಲಿಡು.
ಥರ್ಮಾಕೋಲು ದೂರ.
ಇನ್ನೂ ದೂರ.

ನಗತೀಯಾ?
ನಗು. ನಾನೊಂದು ಕೊಂದೀನಿ.
ಇಲ್ಲ, ಕೊಂದಿದ್ರ ಚಲೋ ಇತ್ತು,
ಅಲ್ಲೇ ಗೊತ್ತಾಗತಿತ್ತು.

ಅವ್ವನ ನೈಲಾನ್ ಸೀರಿ ಉಟ್ಕೊಂಡು ಬಂದಿದ್ದೆ ಅವತ್ತು.
ಹಿಂದಿನ ರಾತ್ರಿ ಎರಡರತನಕ
ಅವ್ವನ ಜೋಡಿ ಜೀನ್ಸ್ ಪ್ಯಾಂಟಿನ ದಾರ ಕತ್ತರಿಸಿ
ಕಣ್ಣು ಉರೀತಿದ್ವು.
ಕಬ್ಬಿಣ ಮರತೆ. ರ‍್ಯಾಮ್ ಹಿಡಿದು ಒತ್ತಿದೆ,
ಟಕ್ ಅಂತ ಕೂತಿತು. ಕಿಡಿ ಇಲ್ಲ,
ಇರಿವಿ ಕಚ್ಚಿದಷ್ಟೂ ಇಲ್ಲ.
ನಮ್ಮ ಬೆರಳಿಗೆ ಗೊತ್ತಾಗೋದು ಮೂರು ಸಾವಿರ ವೋಲ್ಟಿಗೆ,
ಅದರ ಜೀವಕ್ಕ ನೂರು ಸಾಕು.
ಸ್ವಿಚ್ ಒತ್ತಿದೆ, ಹತ್ತಿತು.
ಮೋಕಾದ ಗಾದಿಲಿಂಗಪ್ಪನ ಫೋಟೋ ಸ್ಟುಡಿಯೋಕ್ಕ ಹೋತು,
ಮೂರು ತಿಂಗಳು ದುಡೀತು,
ಒಳಗ ಗಾಯ ಇಟ್ಕೊಂಡು.

ಲಗ್ನದ ಆಲ್ಬಮ್ ಕೊಡೋ ಹಿಂದಿನ ದಿನ
ಮದುಮಗಳ ಮಾರಿ ಅರ್ಧ ಮೂಡಿ ನಿಂತಿತ್ತು ಪರದಿ ಮ್ಯಾಲೆ,
ಮೂಗುತಿಯಿಂದ ಕೆಳಗ ಬರೇ ನೀಲಿ.
ನಾನು ಹೋಗೋಷ್ಟರಾಗ ಗಾದಿಲಿಂಗಪ್ಪ ಧೂಳನ್ನ ಬೈದು,
ಕರೆಂಟನ್ನ ಬೈದು,
ಗೇಮ್ ಆಡಿ ಕೆಡಿಸಿದಿ ಅಂತ ಮಗನಿಗೆ ಎರಡು ಬಾರಿಸಿದ್ದ.
ಆರೇಳು ವರ್ಷದವ, ಬಾಗಿಲ ಹಿಂದ ನಿಂತು
ನನ್ನ ಕೈಯನ್ನೇ ನೋಡತಿದ್ದ,
ಈ ಅಕ್ಕ ಏನು ಹುಡುಕಿ ತೆಗೀತಾಳ ಅಂತ.

ತೆಗದೆ. ಹೊಸದು ಹಾಕಿದೆ. ಮಾರಿ ಪೂರ್ತಿ ಬಂತು.
ಹುಡುಗ ಅಲ್ಲ ಅಣ್ಣಾ, ನಾನು,
ಅಷ್ಟು ಅನ್ನಬೇಕಿತ್ತು.
ಕಡೀ ಬಸ್ಸಿತ್ತು.
ರೊಕ್ಕ ಬ್ಯಾಡ ಅಂದೆ.
ಗಾದಿಲಿಂಗಪ್ಪ ಬಲವಂತ ಮಾಡಿ ಚಾ ಕುಡಿಸಿದ.

ಆ ರ‍್ಯಾಮ್ ಈ ಡ್ರಾದಾಗ ಐತಿ, ನೋಡಬೇಕಂದ್ರ ನೋಡು.
ಗೀರಿಲ್ಲ, ಸುಟ್ಟ ಕಲೆಯಿಲ್ಲ,
ಇವತ್ತೂ ಹೊಸದರಂಗ ಹೊಳೀತೈತಿ.

ನೀನು ಯಾವ ಊರವ ಅಂದಿ? ಮೋಕಾ?
ಅಲ್ಲ, ಕುರುಗೋಡು.
ಹ್ಞಾ, ಹೇಳಿದ್ದಿ ಆಗಲೇ.
ಕೂಡ್ರು.

ಸ್ಕ್ರೂ ಮುಟ್ಟಿದಿ?
ಇನ್ನೊಮ್ಮೆ ಮುಟ್ಟು.